ಬೋಗುಣಿಯ ಲೋಹ

ಕಿರಣಮ್ಮ ಪರದೆಯ ಮೇಲಿನ ಗೆರೆಯಲ್ಲಿ ಮೊದಲು ಹುಡುಕಿದ್ದು ಟ್ಯಾಂಟಲಮ್ ಎಂಬ ಲೋಹದ ಶಿಖರವನ್ನು. ಅದು ಇತ್ತು. ಕುಳಿತಲ್ಲೇ ನೆಟ್ಟಗಾದಳು. ಹಾಗಾದರೆ ತಮ್ಮ ಹೇಳಿದ್ದು ಬರೀ ಬೊಗಳೆಯಲ್ಲ!

ಆ ಸಂತೋಷಕ್ಕೆ ಆಯುಸ್ಸು ಬಹಳವಿರಲಿಲ್ಲ. ಟ್ಯಾಂಟಲಮ್ಮಿನ ಮಗ್ಗುಲಲ್ಲೇ, ಅದನ್ನು ಕುಳ್ಳಾಗಿಸುವಷ್ಟು ಎತ್ತರಕ್ಕೆ, ಟಂಗ್‌ಸ್ಟನ್ ಎದ್ದು ನಿಂತಿತ್ತು. ಅದರ ಜೊತೆಗೆ ಕೋಬಾಲ್ಟ್. ನೆಲದೊಳಗೆ ಟ್ಯಾಂಟಲಮ್ ಎಲ್ಲಿದ್ದರೂ ನೆರಳಿನಂತೆ ಹಿಂದೆಯೇ ಇರುವ ನಿಯೋಬಿಯಮ್ಮಿನ ಸುಳಿವು ಮಾತ್ರ ಎಲ್ಲೂ ಇಲ್ಲ. ನೆಟ್ಟಗಾಗಿದ್ದವಳು ಮೆಲ್ಲಗೆ ಕುರ್ಚಿಗೆ ಒರಗಿದಳು. ಇದು ಕಲ್ಲಿನ ಲೋಹವಲ್ಲ. ಕಲ್ಲನ್ನು ಅರೆದ ಬೋಗುಣಿಯ ಲೋಹ.

ಗಾಜಿನ ಬಾಗಿಲಿನಾಚೆ ಬೆಂಚಿನ ಮೇಲೆ ಕಾಲಾಡಿಸುತ್ತ ತಮ್ಮ ಕುಳಿತಿದ್ದ. ಏಳು ವರ್ಷದ ಮೇಲೆ ಬಂದವನು.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಎಕ್ಸ್-ರೇ ಯಂತ್ರದ ಮುಂದೆ ಅರ್ಧ ಜೀವನ ಸವೆಸಿದವಳಿಗೆ ಪ್ರಯೋಗಾಲಯದವರು ಕಿರಣಮ್ಮ ಎಂದು ಹೆಸರಿಟ್ಟು, ಅದೇ ಗಟ್ಟಿಯಾಗಿ, ಹಳೆಯ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ನೆಲಮಾಳಿಗೆಯಲ್ಲಿ ಅವಳ ಕೋಣೆ. ಕಿಟಕಿಯಿಲ್ಲ. ಯಂತ್ರವನ್ನು ತಂಪಾಗಿಡುವ ಪೆಟ್ಟಿಗೆಯೊಂದು ಮೂಲೆಯಲ್ಲಿ ಗುಂಯ್‌ಗುಡುತ್ತಿರುತ್ತದೆ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವಳ ಕಿವಿಗೆ ಬೀಳುವ ಏಕೈಕ ದನಿ ಅದು. ಮೇಲಿನ ಮಹಡಿಯವರು ಕಲ್ಲಿನ ಪೊಟ್ಟಣಗಳನ್ನು ಬಾಗಿಲ ಹೊರಗಿನ ತಟ್ಟೆಯಲ್ಲಿಟ್ಟು ಹೋಗುತ್ತಾರೆ. ಅವಳು ಪುಡಿಯನ್ನು ಮೇಣದೊಂದಿಗೆ ಬೆರೆಸಿ, ಒತ್ತುಯಂತ್ರದಲ್ಲಿ ಬಿಲ್ಲೆ ಮಾಡಿ, ಯಂತ್ರದೊಳಗಿಡುತ್ತಾಳೆ. ಎಕ್ಸ್-ರೇ ತಗುಲಿದ ಕೂಡಲೇ ಪುಡಿಯಲ್ಲಿರುವ ಒಂದೊಂದು ಧಾತುವೂ ತನ್ನದೇ ಕಿರಣವನ್ನು ಹೊರಚೆಲ್ಲುತ್ತದೆ. ಯಂತ್ರ ಅದನ್ನು ಎಣಿಸುತ್ತದೆ. ಹತ್ತು ಲಕ್ಷ ಭಾಗದಲ್ಲಿ ಬೆರಳೆಣಿಕೆಯಷ್ಟು ಭಾಗವಿರುವ ಧಾತುವೂ ಅವಳಿಂದ ತಪ್ಪಿಸಿಕೊಳ್ಳುವುದಿಲ್ಲ. ತಾಳ್ಮೆ ಬೇಕು, ಅಷ್ಟೇ. ಕಡಿಮೆಯಿದ್ದಷ್ಟೂ ಹೆಚ್ಚು ಹೊತ್ತು ಎಣಿಸಬೇಕು.

ತಾಳ್ಮೆ ಇರುವುದು ಯಂತ್ರದ ಮುಂದೆ ಮಾತ್ರ, ಮನುಷ್ಯರ ಮುಂದೆ ಇಲ್ಲ ಎಂಬುದು ಅವಳ ಬಗ್ಗೆ ಮಹಡಿಯವರ ತೀರ್ಮಾನ. ಅದು ಪೂರ್ತಿ ಅನ್ಯಾಯವೂ ಅಲ್ಲ. ಏಳು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ತಮ್ಮ ದೂರದ ಬೆಟ್ಟವೊಂದರಲ್ಲಿ ನೆಲ ಕೊರೆಯುವ ತಂಡದ ಜೊತೆಗಿದ್ದ. ಸುದ್ದಿ ತಲುಪಿ, ಲಾರಿ ಹಿಡಿದು, ಬಸ್ಸು ಹತ್ತಿ, ಮಣ್ಣುಮೆತ್ತಿದ ಬೂಟಿನಲ್ಲಿ ಅವನು ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. "ಇನ್ನೇನು ನೋಡೋಕೆ ಬಂದೆ?" ಎಂದಿದ್ದಳು ಅವಳು, ನೆಂಟರೆಲ್ಲ ಕೇಳುವಂತೆ. ಅವನು ಬೂಟು ಕಳಚಲೇ ಇಲ್ಲ. ಬಂದ ಕಾಲಲ್ಲೇ ಹಿಂದಿರುಗಿದ್ದ.

ಅಂಥವನು ಇವತ್ತು, ಸೋಮವಾರ ಬೆಳಿಗ್ಗೆ, ಹೆಗಲಿಗೊಂದು ಚೀಲ ನೇತುಹಾಕಿಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಿದ್ದ. ತಲೆಯಲ್ಲಿ ನರೆ. ನಗು ಮಾತ್ರ ಅದೇ ಹಳೆಯದು.

"ಅಕ್ಕ, ಬೈಯೋದಿದ್ರೆ ಬೇಗ ಬೈದುಬಿಡು. ಆಮೇಲೆ ಕೆಲಸದ ಮಾತಿದೆ."

ಕೆಲಸದ ಮಾತು ಇಷ್ಟು. ಪರಿಚಯದ ಗುತ್ತಿಗೆದಾರನೊಬ್ಬನ ಕೈಯಲ್ಲಿ ಒಂದು ಗುಡ್ಡವಿದೆ. ಅಲ್ಲಿನ ಬಿಳಿ ಕಲ್ಲನ್ನು ತಮ್ಮ ತಾನೇ ಅರೆದು, ಬಿಡಾರದಲ್ಲಿದ್ದ, ಕೈಯಲ್ಲೇ ಒಯ್ಯುವ ಎಕ್ಸ್-ರೇ ಗನ್ನು ಹಿಡಿದು ನೋಡಿದಾಗ ಟ್ಯಾಂಟಲಮ್ ಎಂದು ಬಂದಿದೆ. ಫೋನುಗಳೊಳಗೆ ಹೋಗುವ ದುಬಾರಿ ಲೋಹ. ಅಕ್ಕನ ಪ್ರಯೋಗಾಲಯ ಹೌದೆಂದರೆ ಗುತ್ತಿಗೆದಾರ ಗುಡ್ಡದ ಉಸ್ತುವಾರಿಯನ್ನು ತಮ್ಮನಿಗೇ ಒಪ್ಪಿಸುತ್ತಾನೆ. ಊರೂರು ಅಲೆಯುವುದು ತಪ್ಪುತ್ತದೆ.

"ಅವನ ಕಚೇರಿ ಈ ಊರಲ್ಲೇ ಅಂತೆ. ನಿನ್ನ ಮನೇಲಿ ಆ ಹಿಂದಿನ ಕೋಣೆ ಖಾಲಿನೇ ತಾನೇ? ಅಲ್ಲೇ ಬಿದ್ಕೊಂಡಿರ್ತೀನಿ. ದಿನಾ ಜಗಳ ಆಡ್ಬಹುದು."

ಅವಳು ಚೀಲ ಇಸಿದುಕೊಂಡಿದ್ದಳು. ಶನಿವಾರ ಬೆಳಿಗ್ಗೆ ಅವನ ತಂಡದ ಲಾರಿ ಹೊಸ ಜಾಗಕ್ಕೆ ಹೊರಡುತ್ತದೆ. ವರದಿ ಒಳ್ಳೆಯದಾದರೆ ಅವನು ಹತ್ತುವುದಿಲ್ಲ, ಕೆಟ್ಟದಾದರೆ ಹತ್ತಲೇಬೇಕು.

ಈಗ ವರದಿ ಕಣ್ಣೆದುರಿಗಿತ್ತು. ಅವಳು ಬಾಗಿಲು ಸರಿಸಿ ಕೇಳಿದಳು:

"ಲೋ, ಇದನ್ನ ಯಾವುದರಲ್ಲಿ ಅರೆದೆ?"

"ಟಂಗ್‌ಸ್ಟನ್ ಕಾರ್ಬೈಡಿನ ಬೋಗುಣೀಲಿ. ಕಾಡಿ ಬೇಡಿ ತಂದಿದ್ದು. ನನ್ನ ಡ್ರಿಲ್ಲಿನ ಹಲ್ಲೂ ಅದೇ ಲೋಹ ಅಕ್ಕ. ಅದು ಸೋತ ಕಲ್ಲನ್ನ ನಾನಿನ್ನೂ ನೋಡಿಲ್ಲ." ಹೆಮ್ಮೆಯಿಂದ ಹೇಳಿದ. "ಯಾಕೆ? ನುಣ್ಣಗೆ ಬಂದಿಲ್ವಾ?"

ನುಣ್ಣಗೇ ಬಂದಿತ್ತು. ಆ ಬಿಳಿ ಕಲ್ಲಿನ ತುಂಬ ಸ್ಫಟಿಕ. ಅದು ಅರೆಯುವವನನ್ನೇ ಸವೆಸುವ ಜಾತಿ. ಬೋಗುಣಿಯ ಕಣಕಣವನ್ನೂ ಕೆರೆದು ಪುಡಿಗೆ ಸೇರಿಸಿತ್ತು. ಆ ಬೋಗುಣಿಯಲ್ಲಿ ಟಂಗ್‌ಸ್ಟನ್ನಿನ ಜೊತೆ ಅಂಟಿಗೆ ಕೋಬಾಲ್ಟ್ ಇರುತ್ತದೆ. ಗಟ್ಟಿತನಕ್ಕೆಂದು ಚೂರು ಟ್ಯಾಂಟಲಮ್ಮನ್ನೂ ಹಾಕಿರುತ್ತಾರೆ. ತಮ್ಮ ಗುಡ್ಡದಲ್ಲಿ ಕಂಡದ್ದು ತನ್ನದೇ ಬೋಗುಣಿಯನ್ನು. ಜೀವಮಾನವೆಲ್ಲ ಆ ಲೋಹವನ್ನು ನಂಬಿ ಅನ್ನ ತಿಂದವನು ಮಾತ್ರ ಮಾಡಬಹುದಾದ ತಪ್ಪು.

ಬೇರೆ ಯಾರೇ ಆಗಿದ್ದರೂ ಅವಳು ಅಲ್ಲೇ ಹೇಳಿ ಕಳಿಸುತ್ತಿದ್ದಳು. ಬಾಯಿ ತೆರೆದಳು ಕೂಡ.

"ಇನ್ನೊಂದ್ಸಲ ನೋಡ್ಬೇಕು," ಎಂದಳು. "ಅರೆಯದ ಕಲ್ಲಿದ್ಯಾ?"

"ಚೀಲದ ತುಂಬ ಇದೆ."

"ಅಗೇಟ್ ಬೋಗುಣೀಲಿ ಅರೀತೀನಿ. ಅದು ಕಲ್ಲಿಂದು, ಲೋಹ ಸೇರಲ್ಲ. ನಿಧಾನ ಆಗತ್ತೆ."

"ಆಗ್ಲಿ ಬಿಡು. ನಂಗೇನು, ಅತ್ತೆ ಮನೇಲಿ ಕೂತ ಅಳಿಯನ ಹಾಗೆ ಕೂತಿರ್ತೀನಿ."

ತಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮತ್ತೊಮ್ಮೆ ಅರೆದು ನೋಡುವುದು ಕ್ರಮವೇ. ಅನುಮಾನವಿಲ್ಲದೆಯೂ ನೋಡಬಹುದು.

ಆ ಸಂಜೆ ಅವಳ ಮನೆಯ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿಗಳಿದ್ದವು. ತಮ್ಮ ಹಿಂದಿನ ಕೋಣೆಯ ಹಳೆಯ ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ; ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಚ್ಚಿ, ಬೈದು, ಸರಿಮಾಡಿದ; ಅವಳ ಅಡುಗೆಗೆ ಉಪ್ಪು ಸಾಲದೆಂದು ಮುಖ ಸಿಂಡರಿಸಿ ಎರಡು ಸಲ ಬಡಿಸಿಕೊಂಡ. ಕೊರೆಯುವ ಬಿಡಾರದ ಕತೆಗಳಿಗೆ ಕೊನೆಯಿರಲಿಲ್ಲ. ಅಡುಗೆಯವನು ಹಾವೆಂದು ಹೆದರಿ ನೀರಿನ ಕೊಳವೆಯನ್ನು ಕೊಡಲಿಯಿಂದ ಕಡಿದು ಹಾಕಿದ ಕತೆಗೆ ಕಿರಣಮ್ಮ ಎಷ್ಟು ನಕ್ಕಳೆಂದರೆ, ನಗು ನಿಂತ ಮೇಲೆ ಆ ದನಿ ತನ್ನದೇ ಎಂದು ಅವಳಿಗೆ ಅಚ್ಚರಿಯಾಯಿತು. ಈ ಗೋಡೆಗಳು ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಮಂಗಳವಾರ ಅವಳು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಒಡೆದು, ಚೂರುಗಳನ್ನು ಅಗೇಟ್ ಬೋಗುಣಿಗೆ ಹಾಕಿ ಅರೆಯಲು ಇಟ್ಟಳು. ಅರ್ಧ ದಿನದ ಕೆಲಸ. ಸಂಜೆಯವರೆಗೆ ಎಳೆದಳು. ತಮ್ಮ ಪಕ್ಕದ ಸ್ಟೂಲಿನ ಮೇಲೆ ಕುಳಿತು, "ಇಷ್ಟು ಹೊತ್ತಲ್ಲಿ ನಾನು ಪಾತಾಳ ಮುಟ್ಟಿ ಬರ್ತಿದ್ದೆ," ಎಂದು ರೇಗಿಸಿದ. ಬುಧವಾರ ಮಧ್ಯಾಹ್ನ ಹೊಸ ಬಿಲ್ಲೆ ಯಂತ್ರದೊಳಗೆ ಹೋಯಿತು. ಅವನು ಚಹಾ ತರಲು ಮೇಲೆ ಹೋಗಿದ್ದಾಗ ಫಲಿತಾಂಶ ಬಂತು.

ಟಂಗ್‌ಸ್ಟನ್ ಇಲ್ಲ. ಕೋಬಾಲ್ಟ್ ಇಲ್ಲ. ಟ್ಯಾಂಟಲಮ್ ಇರಬೇಕಾದ ಜಾಗದಲ್ಲಿ ಸಣ್ಣ ನಡುಗುವ ಗೆರೆ, ಅಷ್ಟೇ.

ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು. ಅವಳ ಬೆರಳು ಗುಂಡಿಯ ಮೇಲೆ ಹೋಯಿತು. ಎಣಿಕೆಯ ಸಮಯವನ್ನು ಯಂತ್ರ ಒಪ್ಪುವಷ್ಟು ಉದ್ದಕ್ಕೆ ಹಿಗ್ಗಿಸಿ, ಅದೇ ಬಿಲ್ಲೆಯನ್ನು ಮತ್ತೆ ಎಣಿಸಲು ಬಿಟ್ಟಳು.

"ಏನಾಯ್ತು?"

"ಎಣಿಸ್ತಿದೆ. ಕಡಿಮೆ ಇರೋದನ್ನ ನಿಧಾನಕ್ಕೇ ಎಣಿಸ್ಬೇಕು."

ಅವನು ಚಹಾದ ಲೋಟವನ್ನು ಅವಳ ಕೈಗಿಟ್ಟು, ಯಂತ್ರಕ್ಕೂ ಒಂದು ಲೋಟ ತರಬೇಕಿತ್ತೇ ಎಂದು ಕೇಳಿದ. ಅವಳು ನಗಲು ನೋಡಿದಳು.

ಗುರುವಾರ ಅವಳ ಕೋಣೆಗೆ ಆಸಿಡ್ ಮಾವ ಇಳಿದು ಬಂದರು. ಕಲ್ಲನ್ನು ಆಮ್ಲದಲ್ಲಿ ಕರಗಿಸಿ ಪರೀಕ್ಷಿಸುವ ಹಿರಿಯ ರಸಾಯನಜ್ಞರು ಅವರು; ಪ್ರಯೋಗಾಲಯಕ್ಕೆಲ್ಲ ಮಾವ. ಅಂಗಿಯ ತೋಳಿನ ತೂತುಗಳಿಂದಲೇ ಅವರನ್ನು ದೂರದಿಂದ ಗುರುತಿಸಬಹುದಿತ್ತು. ಎಕ್ಸ್-ರೇಯನ್ನು ಹಂಗಿಸುವುದು ಅವರ ನಿತ್ಯದ ಕಾಯಕ. ಪ್ರತಿ ವರದಿಗೂ ಅವಳದೊಂದು, ಅವರದೊಂದು ರುಜು ಬೇಕಾದ್ದರಿಂದ ಹಂಗಿಸಲು ಅವಕಾಶಕ್ಕೂ ಕೊರತೆಯಿರಲಿಲ್ಲ. ತಮ್ಮ ಹೊರಗೆಲ್ಲೋ ಫೋನಿನಲ್ಲಿ ಮಾತಾಡುತ್ತಿದ್ದ. ಮಾವ ಪರದೆಗೆ ಕಣ್ಣು ಹಾಯಿಸಿದರು. ಸೋಮವಾರದ ಗೆರೆ, ಬುಧವಾರದ ಗೆರೆ, ಒಂದರ ಮೇಲೊಂದು.

"ಇದು ಬೋಗುಣಿ," ಎಂದರು.

"ಹೂಂ."

"ಟಂಗ್‌ಸ್ಟನ್ ದೀಪದ ಕಂಬದ ಹಾಗೆ ನಿಂತಿದೆ. ಸೋಮವಾರನೇ ಗೊತ್ತಾಗಿರ್ಬೇಕಲ್ಲ?"

ಅವಳು ಪುಡಿಯ ಡಬ್ಬಿಯ ಮುಚ್ಚಳ ಬಿಗಿದಳು.

"ಕಿರಣಮ್ಮ, ಮಂಜಾಗಿರೋದು ನಿನ್ನ ಮಷೀನಿನ ಕಣ್ಣಾ, ನಿನ್ನದಾ?"

"ಮಾವ, ನಾಳೆ ಹೇಳ್ತೀನಿ. ಶನಿವಾರದವರೆಗೆ ಟೈಮಿದೆ. ತಮ್ಮನ ಲಾರಿ ಹೊರಡೋದು ಶನಿವಾರ."

ಮಾವ ಕನ್ನಡಕ ತೆಗೆದರು. ಹಂಗಿಸುವ ದನಿ ಹೊರಟುಹೋಗಿತ್ತು. "ಒಂದು ದಿನಕ್ಕೋಸ್ಕರನಾ?"

"ಒಂದು ದಿನ ಒಂದು ದಿನಾನೇ ಅಲ್ವಾ ಮಾವ?"

ಅವರು ಕನ್ನಡಕ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ನಿಂತು, "ಬೇಗ ಹೇಳು," ಎಂದರು. "ತಡ ಮಾಡಿದಷ್ಟೂ ಬೇಡದ್ದು ಬೆಳೀತಾ ಹೋಗತ್ತೆ."

ಅವರು ಮರೆಯಾಗುವುದಕ್ಕೂ ತಮ್ಮ ಒಳಗೆ ಬರುವುದಕ್ಕೂ ಸರಿಹೋಯಿತು. ಮುಖ ಅರಳಿತ್ತು. ಫೋನನ್ನು ಅಂಗೈಯಲ್ಲಿ ಚೆಂಡಿನಂತೆ ಎಸೆದು ಹಿಡಿದ.

"ಮುಗಿಸಿದೆ ಅಕ್ಕ. ಕ್ಯಾಪ್ಟನ್‌ಗೆ ಹೇಳಿಬಿಟ್ಟೆ, ಶನಿವಾರ ನಾನು ಬರಲ್ಲ, ಬೇರೆಯವನನ್ನ ನೋಡ್ಕೊಳ್ಳಿ ಅಂತ. ಕೂಗಾಡಿದ. ಕೂಗಾಡ್ಲಿ."

ಕ್ಯಾಪ್ಟನ್ ಎಂದರೆ ಅವನ ತಂಡದ ಮುಖ್ಯಸ್ಥ.

"ವರದಿ... ವರದಿ ಬರೋ ಮೊದಲೇ?"

"ನೀನು ಹೇಳಲೇಬೇಕಾ?" ಅವನು ನಕ್ಕ. "ಕೆಟ್ಟದಾಗಿದ್ರೆ ಸೋಮವಾರ ಮಧ್ಯಾಹ್ನನೇ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸ್ತಿದ್ದೆ. ನಿನ್ನ ನಾಲಿಗೆ ನಂಗೆ ಗೊತ್ತಿಲ್ವಾ? ನೀನು ನಾಲ್ಕು ದಿನ ಸುಮ್ನಿದ್ದೀಯ ಅಂದ್ರೆ, ಒಳ್ಳೇದೇ ಇರ್ಬೇಕು. ಪೂರ್ತಿ ಗಟ್ಟಿ ಮಾಡ್ಕೊಂಡು ಹೇಳೋಣ ಅಂತಿದ್ದೀಯ, ಅಷ್ಟೇ."

ಅವಳ ಕತ್ತರಿ ನಾಲಿಗೆಯ ಮೇಲೆ ಅವನು ಇಟ್ಟಿದ್ದ ನಂಬಿಕೆ ಅಷ್ಟು. ಒಮ್ಮೆ ಅವನನ್ನು ಬಾಗಿಲಿಂದ ಅಟ್ಟಿದ್ದ ಅದೇ ನಾಲಿಗೆ. ಅದು ಸುಮ್ಮನಾದದ್ದನ್ನೇ ಅವನು ಶುಭ ಎಂದುಕೊಂಡಿದ್ದ.

"ಕೂತ್ಕೋ," ಎಂದಳು.

ಅವನು ಕೂರಲಿಲ್ಲ. ಅವಳ ಮುಖ ನೋಡಿದ; ಆಮೇಲೆ ಪರದೆ ನೋಡಿದ. ಅವಳು ಬೆರಳಿಟ್ಟು ತೋರಿಸಿ ಹೇಳಿದಳು: ಇದು ನಿನ್ನ ಬೋಗುಣಿ, ಇದು ನಿನ್ನ ಕಲ್ಲು. ಇದರಲ್ಲಿ ಏನೂ ಇಲ್ಲ. ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ನಾಲ್ಕು ದಿನ ಮುಚ್ಚಿಟ್ಟದ್ದು ಅಷ್ಟೇ ಚಿಕ್ಕದಾಗಿತ್ತು.

"ಯಾವಾಗ ಗೊತ್ತಾಯ್ತು?"

"ಸೋಮವಾರ."

ತಂಪಿನ ಪೆಟ್ಟಿಗೆ ಗುಂಯ್‌ಗುಟ್ಟಿತು. ಅವನು ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಕೂಗಿಗೆ ಕೂಗು ಕೊಟ್ಟು ಅವಳಿಗೆ ಅಭ್ಯಾಸವಿತ್ತು. ಅವನು ಬಹಳ ಮೆಲ್ಲಗೆ ಕೇಳಿದ:

"ಅಮ್ಮನದ್ದಕ್ಕೆ ಸೇಡಾ ಅಕ್ಕ ಇದು?"

"ಅಯ್ಯೋ ಅಲ್ಲ ಕಣೋ! ನೀನು... ನೀನು ಬಂದಿದ್ದೆಯಲ್ಲ. ಅದಕ್ಕೆ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಕಲ್ಲಿನ ಚೀಲವನ್ನು ಅಲ್ಲೇ ಬಿಟ್ಟು, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.

ಕಿರಣಮ್ಮ ಎಣಿಕೆಯ ನಡುವೆ ಯಂತ್ರವನ್ನು ನಿಲ್ಲಿಸಿದವಳಲ್ಲ. ಅಂದು ನಿಲ್ಲಿಸಿದಳು. ಬಿಳಿ ಕೋಟನ್ನು ಮೊಳೆಗೆ ನೇತುಹಾಕಿ, ಮಟಮಟ ಮಧ್ಯಾಹ್ನ ಬೀದಿಗಿಳಿದಳು. ನೆಲಮಾಳಿಗೆಯ ಕಣ್ಣಿಗೆ ಬಿಸಿಲು ಚುಚ್ಚಿತು. ಕೊರೆಯುವ ತಂಡದ ಅಂಗಳ ಊರಾಚೆ, ಗುಜರಿ ಅಂಗಡಿಗಳ ಸಾಲು ಮುಗಿದ ಮೇಲೆ. ಬಸ್ಸು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಅವಳು ಉಳಿದದ್ದನ್ನು ನಡೆದಳು.

ಎಣ್ಣೆ ಮೆತ್ತಿದ ಕೊಳವೆಗಳ ರಾಶಿಯ ನಡುವೆ ದಪ್ಪ ಮೀಸೆಯ ಕ್ಯಾಪ್ಟನ್ ಯಾರನ್ನೋ ಗದರಿಸುತ್ತಿದ್ದ. ಅವಳು ಯಾರೆಂದು ಹೇಳಿದ ಮೇಲೆ ಗದರಿಕೆ ಅವಳತ್ತ ತಿರುಗಿತು.

"ಓ, ನೀವೇನಾ ಆ ಅಕ್ಕ? ನಿಮ್ಮ ತಮ್ಮ ಮಹಾರಾಜರು ಬೆಳಿಗ್ಗೆ ಫೋನಲ್ಲಿ ರಾಜೀನಾಮೆ ಬಿಸಾಕಿದ್ರು. ಇಷ್ಟೊತ್ತಿಗೆ ಚಿನ್ನದ ಸಿಂಹಾಸನದ ಮೇಲೆ ಕೂತಿರ್ಬೇಕಲ್ಲ?"

"ಗುಡ್ಡದಲ್ಲಿ ಏನೂ ಇಲ್ಲ. ನಂಗೆ ಮೊದಲೇ ಗೊತ್ತಿತ್ತು. ಹೇಳಲಿಲ್ಲ. ತಪ್ಪು ನನ್ನದು, ಅವನದ್ದಲ್ಲ. ಅವನ ಕೆಲಸ ಅವನಿಗೆ ಕೊಡಿ."

ಕ್ಯಾಪ್ಟನ್ ಮೀಸೆಯನ್ನು ತಿರುವಲು ಹೋಗಿ ಕೈ ಬಿಟ್ಟ. ಇಷ್ಟು ನೇರವಾಗಿ ತಪ್ಪೊಪ್ಪಿಕೊಳ್ಳುವವರು ಆ ಅಂಗಳಕ್ಕೆ ಬರುವುದು ಅಪರೂಪವಿರಬೇಕು.

"ಮೊದಲೇ ಗೊತ್ತಿದ್ದೂ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ಹೊರಟುಬಿಡ್ತಿದ್ದ."

ಅವನು ಕೊಳವೆಯ ಮೇಲೆ ಕುಳಿತ. "ಅವನ ಜಾಗ ಹೋಯ್ತು ಮೇಡಂ. ಹತ್ತು ಗಂಟೆಗೇ ಇನ್ನೊಬ್ಬನಿಗೆ ಮಾತು ಕೊಟ್ಟಾಯ್ತು, ಕಿತ್ಕೊಳ್ಳೋಕಾಗಲ್ಲ. ಒಂದೇ ಒಂದಿದೆ. ಗಡಿಯ ಹತ್ತಿರ ಹೊಸದಾಗಿ ಕೊರೆಯೋ ರಿಗ್ಗು. ಯಾರೂ ಒಪ್ತಿಲ್ಲ. ಬರೀ ಬಂಡೆ, ಗಾಳಿ. ಫೋನು ಸಿಗಲ್ಲ. ಒಂದ್ಸಲ ಹೋದ್ರೆ ಎರಡು ವರ್ಷ. ಬೇಕಾ?"

ಬೇಡ ಎನ್ನಲು ಅವಳಿಗೊಂದು ದಾರಿಯಿತ್ತು. ಮನೆಗೆ ಹೋಗಿ, ಕೇಳಿದೆ, ಕೆಲಸ ಖಾಲಿಯಿಲ್ಲವಂತೆ ಎಂದರೆ ಸಾಕು. ಹಿಂದಿನ ಕೋಣೆಯ ಚಾಪೆ ಹಾಸಿದಂತೆಯೇ ಇತ್ತು. ಕೆಲಸವಿಲ್ಲದ ತಮ್ಮ ಬೇರೆಲ್ಲಿಗೆ ಹೋದಾನು? ಸಿಟ್ಟು ಇಳಿಯುತ್ತದೆ. ಉಪ್ಪು ಸಾಲದೆಂದು ಮುಖ ಸಿಂಡರಿಸುತ್ತಾನೆ. ಆ ಚಿತ್ರ ಎಷ್ಟು ಸ್ಪಷ್ಟವಾಗಿ ಮೂಡಿತೆಂದರೆ, ಕ್ಯಾಪ್ಟನ್ ಮತ್ತೊಮ್ಮೆ ಕೇಳಬೇಕಾಯಿತು.

"ಬೇಕಾ ಅಂದೆ."

"ಬೇಕು," ಎಂದಳು ಕಿರಣಮ್ಮ. "ಅವನ ಹೆಸರಿಗೆ ಇಟ್ಟಿರಿ."

ಮನೆಯಲ್ಲಿ ತಮ್ಮ ಬಟ್ಟೆ ಮಡಚುತ್ತಿದ್ದ. ಅವಳು ಹೊಸಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಗಡಿ, ಬಂಡೆ, ಗಾಳಿ, ಎರಡು ವರ್ಷ. ಒಂದಕ್ಷರವನ್ನೂ ನುಂಗಲಿಲ್ಲ, ಒಂದಕ್ಷರವನ್ನೂ ತಡಮಾಡಲಿಲ್ಲ. ಅವನು ಅಂಗಿಯೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ನೀನೇ ಹೋಗಿ ಕೇಳಿದ್ಯಾ?"

"ಹೂಂ."

"ಆ ಮೀಸೆ ಹತ್ರ?"

"ಹೂಂ."

ಶುಕ್ರವಾರ ಅವರು ಹೆಚ್ಚು ಮಾತಾಡಲಿಲ್ಲ. ವರದಿಗೆ ಅವಳು ರುಜು ಹಾಕಿದಳು. ಕೆಳಗೆ ಆಸಿಡ್ ಮಾವ ಎಂದಿನಂತೆ ಹಂಗಿಸದೆ ಹಾಕಿಕೊಟ್ಟರು. ಗುಡ್ಡದ ಗುತ್ತಿಗೆದಾರ ಅದನ್ನು ಓದಿ ತಮ್ಮನಿಗೆ ಫೋನು ಕೂಡ ಮಾಡಲಿಲ್ಲ.

ಶನಿವಾರ ಅಂಗಳದಲ್ಲಿ ಎರಡು ಲಾರಿಗಳು ಗುರುಗುಟ್ಟುತ್ತಿದ್ದವು. ಒಂದರಲ್ಲಿ ಹುಡುಗಾಟದ ಗದ್ದಲ. ಗಡಿಗೆ ಹೋಗುವ ಇನ್ನೊಂದರಲ್ಲಿ ಜನವೇ ಕಡಿಮೆ. "ಏನಪ್ಪಾ ಜಮೀನ್ದಾರ, ಗುಡ್ಡ ಮಾರಿದ್ಯಾ?" ಎಂದು ಯಾರೋ ಕೂಗಿದರು. "ನಿಂಗೇ ದಾನ ಮಾಡಿದೀನಿ, ತಲೆ ಮೇಲೆ ಹೊತ್ಕೊ!" ಎಂದು ತಮ್ಮ ತಿರುಗಿ ಕೂಗಿದ. ನಕ್ಕರು. ಅವನು ಚೀಲವನ್ನು ಮೇಲೆಸೆದು, ಚಕ್ರದ ಪಕ್ಕ ಅವಳ ಮುಂದೆ ನಿಂತ.

"ಸೋಮವಾರನೇ ಹೇಳಿದ್ರೆ ಅವತ್ತೇ ಹೋಗ್ತಿದ್ದೆ. ಹಳೇ ಕೆಲಸ ಉಳೀತಿತ್ತು."

"ಗೊತ್ತು."

"ಆ ಲಾರಿ ಹೋಗೋ ಜಾಗ ಹತ್ರ ಇತ್ತು ಅಕ್ಕ. ಅಲ್ಲಿಂದ ಆಗಾಗ ಬರ್ಬಹುದಿತ್ತು."

ಇದನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವನು ಬರಬಹುದೆಂಬುದೇ ಅವಳ ತಲೆಗೆ ಹೊಳೆದಿರಲಿಲ್ಲ. ಸೋಮವಾರ ಅವನು ಹೊರಟರೆ ಮತ್ತೆ ಏಳು ವರ್ಷ ಎಂದಷ್ಟೇ ಎಣಿಸಿದ್ದಳು.

"ಬರ್ತಿದ್ದೆಯಾ?"

"ನಲ್ಲಿ ವಾಷರ್ ಇನ್ನೂ ಸರಿಯಾಗಿ ಕೂತಿಲ್ಲ," ಎಂದ ಅವನು, ಬೇರೆ ಕಡೆ ನೋಡುತ್ತ. "ಜೋರಾಗಿ ತಿರುಗಿಸ್ಬೇಡ."

ಕ್ಯಾಪ್ಟನ್ ಲಾರಿಯ ಮೈಗೆ ಅಂಗೈಯಿಂದ ಬಡಿದ. ತಮ್ಮ ಚಕ್ರದ ಮೇಲೆ ಕಾಲಿಟ್ಟು ಹತ್ತಿದ. ಅವಳು ಕೈಯೆತ್ತಿದಳು, ಅವನೂ ಎತ್ತಿದನೋ, ಹಗ್ಗ ಹಿಡಿದುಕೊಳ್ಳಲು ಎತ್ತಿದನೋ, ಧೂಳಿನಲ್ಲಿ ತಿಳಿಯಲಿಲ್ಲ. ಲಾರಿ ಗುಜರಿ ಅಂಗಡಿಗಳ ಸಾಲನ್ನು ದಾಟಿ, ತಿರುವಿನಲ್ಲಿ ಒಮ್ಮೆ ವಾಲಿ, ಕಾಣದಾಯಿತು. ಸದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು. ಅದೂ ಹೋದ ಮೇಲೂ ಅವಳು ನಿಂತೇ ಇದ್ದಳು.

"ಅಮ್ಮಾ," ಕಾವಲಿನವನು ಕಬ್ಬಿಣದ ಬಾಗಿಲನ್ನು ಅರ್ಧ ಎಳೆದು ಹಿಡಿದು ಕೇಳಿದ. "ಬಾಗಿಲು ಹಾಕ್ಬೇಕು. ಒಳಗಿರ್ತೀರೋ, ಹೊರಗೋ?"

"ಹೊರಗೆ," ಎಂದಳು ಕಿರಣಮ್ಮ, ತಡವಾಗಿ.

ಬೀದಿಗೆ ಬಂದು, ಬಸ್ಸು ಸಿಗುವ ಕಡೆ ಯಾವುದೆಂದು ಒಂದು ಕ್ಷಣ ತೋಚದೆ, ಎರಡೂ ಕಡೆ ನೋಡಿದಳು.